ಗುದ್ದಲಿ ಯಾರ ಕೈಯಲ್ಲಿರಬೇಕು?

1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಬಂಡೆಯೊಂದರ ಮೇಲಿದ್ದ ಬರಹವನ್ನು ಹೊರಜಗತ್ತಿಗೆ ತಿಳಿಸಿದವನು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಶಾಸನ ಓದುವುದು ಅವನ ಕಸುಬಲ್ಲ. ಅದನ್ನು ಓದಿ ಪ್ರಕಟಿಸಿದವರು ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿ. ಅಲ್ಲಿಯವರೆಗೆ ಸಿಕ್ಕಿದ್ದ ಇದೇ ದೊರೆಯ ಶಾಸನಗಳಲ್ಲಿ ಹೆಸರಿನ ಜಾಗದಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆ ‘ಅಶೋಕ’ ಎಂದು ಹೆಸರನ್ನೇ ಹೇಳಿತು. ಬೀಡನ್ ಕಾಣದೇ ಹೋಗಿದ್ದರೆ ಶಾಸ್ತ್ರಿಗಳಿಗೆ ಓದಲು ಏನೂ ಇರುತ್ತಿರಲಿಲ್ಲ. ಶಾಸ್ತ್ರಿಗಳು ಓದದೇ ಇದ್ದಿದ್ದರೆ ಬೀಡನ್ ಕಂಡದ್ದು ಬರೀ ಗೀರುಬಂಡೆ.

ಪುರಾತತ್ತ್ವದಲ್ಲಿ ಜನಸಾಮಾನ್ಯರಿಗೆ ಪಾಲಿರಬೇಕೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಎರಡು ಗುಂಪುಗಳಾಗುತ್ತವೆ. ಇದು ತಜ್ಞರ ಕೆಲಸ, ಉಳಿದವರು ದೂರವಿರಲಿ ಎನ್ನುವವರು ಒಂದು ಕಡೆ. ನೆಲ ನಮ್ಮದು, ಇತಿಹಾಸ ನಮ್ಮದು, ಅಗೆಯಲು ಯಾರಪ್ಪಣೆ ಬೇಕು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಕಾಣುವುದು, ಅಗೆಯುವುದು, ಓದುವುದು ಎಂಬ ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದುಕೊಂಡು ಜಗಳಕ್ಕೆ ನಿಂತಿದ್ದಾರೆ.

ಮೂರರಲ್ಲಿ ಅಪಾಯ ಹೆಚ್ಚಿರುವುದು ಅಗೆತದಲ್ಲಿ. ಯಾಕೆಂದರೆ ಉತ್ಖನನ ತಾನು ಓದುವ ಪುಟವನ್ನು ಓದುತ್ತಲೇ ಹರಿದುಹಾಕುವ ವಿದ್ಯೆ. ತೆಗೆದ ಪದರವನ್ನು ಮತ್ತೆ ಹಾಸಲಾಗದು. ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಮೊಳಕಾಲ್ಮೂರು ಬಳಿಯ ಬ್ರಹ್ಮಗಿರಿಯಲ್ಲಿ ಅಗೆದಾಗ ತೀರಾ ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಗಳ ಕಾಲ, ಅದರ ಮೇಲೆ ಬೃಹತ್ ಶಿಲಾ ಸಮಾಧಿಗಳ ಕಾಲ, ಎಲ್ಲಕ್ಕೂ ಮೇಲೆ ಆಂಧ್ರ-ಸಾತವಾಹನ ಕಾಲ ಸಿಕ್ಕಿತು. ಮೇಲಿನ ಪದರದಲ್ಲಿ ತಳದ ಮೇಲೆ ಸುತ್ತುಸುತ್ತಾಗಿ ಚುಕ್ಕೆಸಾಲು ಒತ್ತಿದ ತಟ್ಟೆಯ ಚೂರುಗಳಿದ್ದವು. ಅಂಥವೇ ಚೂರುಗಳು ಪುದುಚೇರಿ ಬಳಿಯ ಅರಿಕಮೇಡಿನಲ್ಲಿ, ಕಾಲ ಗೊತ್ತಿದ್ದ ರೋಮನ್ ಮಡಕೆಗಳ ಜೊತೆ ಸಿಕ್ಕಿದ್ದವು. ಹೀಗೆ ಅಂಗೈಯಗಲದ ಬೋಕಿಯೊಂದು ಬ್ರಹ್ಮಗಿರಿಯ ಕಾಲಮಾನಕ್ಕೆ ಗೂಟ ಹೊಡೆಯಿತು. ಅದೇ ಚೂರನ್ನು ಯಾರಾದರೂ ಆಸೆಯಿಂದ ಎತ್ತಿಕೊಂಡು ಹೋಗಿ ಮನೆಯ ಶೋಕೇಸಿನಲ್ಲಿ ಇಟ್ಟಿದ್ದರೆ ಚೂರು ಉಳಿಯುತ್ತಿತ್ತು, ಚರಿತ್ರೆ ಹೋಗುತ್ತಿತ್ತು. ವಸ್ತುವಿಗಿಂತ ಅದು ಬಿದ್ದಿದ್ದ ಜಾಗ ದೊಡ್ಡದು. ಪರವಾನಗಿ ಇಲ್ಲದೆ ಅಗೆಯಬಾರದೆಂಬ ಕಾನೂನಿನ ಹಿಂದಿರುವ ವಿವೇಕವೂ ಇದೇ.

ಹಾಗಾದರೆ ಅಗೆತವೆಲ್ಲ ಪದವೀಧರರಿಗೇ ಮೀಸಲೇ? ಇಂಗ್ಲೆಂಡಿನ ಸಟನ್ ಹೂ ಈ ಮಾತನ್ನು ಒಪ್ಪುವುದಿಲ್ಲ. 1938ರಲ್ಲಿ ಈಡಿತ್ ಪ್ರೆಟಿ ಎಂಬಾಕೆ ತಮ್ಮ ಜಮೀನಿನ ದಿಬ್ಬಗಳನ್ನು ಅಗೆಯಲು ಕರೆಸಿಕೊಂಡದ್ದು ಬೇಸಿಲ್ ಬ್ರೌನ್ ಎಂಬ, ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟು ಸ್ವಂತ ಓದಿನಿಂದ ಬೆಳೆದ ಮನುಷ್ಯನನ್ನು. ಜೊತೆಗಿದ್ದವರು ಎಸ್ಟೇಟಿನ ಆಳುಗಳು. ಮರುವರ್ಷ ಮರಳಿನಲ್ಲಿ ತುಕ್ಕು ಹಿಡಿದ ಕಬ್ಬಿಣದ ರಿವೆಟ್ ಕಾಣಿಸಿದಾಗ ಬ್ರೌನ್ ಅದನ್ನು ಕಿತ್ತು ತೆಗೆಯಲಿಲ್ಲ. ಇದ್ದಲ್ಲೇ ಬಿಟ್ಟು ಮುಂದಿನದನ್ನು ಹುಡುಕಿದ, ಆಮೇಲೆ ಅದರ ಮುಂದಿನದನ್ನು. ಮರವೆಲ್ಲ ಎಂದೋ ಕರಗಿಹೋಗಿತ್ತು. ಮರಳಿನ ಮೇಲೆ ಹಲಗೆಗಳ ಅಚ್ಚು, ಸಾಲುಹಿಡಿದ ರಿವೆಟ್‌ಗಳು ಮಾತ್ರ ಉಳಿದಿದ್ದವು. ಅವನ್ನೇ ಹಿಡಿದು ಸುಮಾರು 27 ಮೀಟರ್ ಉದ್ದದ ಹಡಗಿನ ಆಕಾರವನ್ನು ಆತ ಬಿಡಿಸಿದ. ಮುಂದೆ ಕೇಂಬ್ರಿಜಿನ ಚಾರ್ಲ್ಸ್ ಫಿಲಿಪ್ಸ್ ಬಂದು ಒಳಗಿನ ಸಮಾಧಿ ಕೋಣೆಯ ಕೆಲಸವನ್ನು ವಹಿಸಿಕೊಂಡರು. ರಜೆಗೆ ಬಂದಿದ್ದ ಇಬ್ಬರು ಶಿಕ್ಷಕಿಯರು ತೆಗೆದ ಫೋಟೋಗಳು ಇಂದಿಗೂ ಆ ಉತ್ಖನನದ ಮುಖ್ಯ ದಾಖಲೆ. ಬ್ರೌನ್ ಬಳಿ ಇದ್ದದ್ದು ಶಿಸ್ತು, ಕೈ ತಡೆಯುವ ಸಂಯಮ. ಫಿಲಿಪ್ಸ್ ತಂದದ್ದು ವಿಶ್ವವಿದ್ಯಾಲಯದ ಹಿನ್ನೆಲೆ, ಒಂದು ನುರಿತ ತಂಡ. ಎರಡೂ ಸೇರಿದ್ದಕ್ಕೇ ಹಡಗು ಉಳಿಯಿತು.

ನಮ್ಮಲ್ಲೂ ಇಂಥ ಕೂಡುಕೆಲಸ ನಡೆದಿದೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಕಾಮಗಾರಿಯ ವೇಳೆ ಹೊರಬಂದ ಕಲ್ಲು ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ, ಕಿತ್ತಯ್ಯನೆಂಬ ವೀರನ ಶಾಸನ ಎಂದು ತಿಳಿಯಿತು. ಅದು ಕಸದ ಲಾರಿ ಹತ್ತದೆ ಉಳಿದದ್ದು ಶಾಸನಗಳ ಬೆನ್ನು ಹತ್ತಿದ್ದ ಎಂಜಿನಿಯರ್ ಪಿ. ಎಲ್. ಉದಯಕುಮಾರ್ ಮತ್ತು ಗೆಳೆಯರ ಹಾಗೂ ಸ್ಥಳೀಯರ ಕಾಳಜಿಯಿಂದ. ಓದಿಕೊಟ್ಟವರು ಶಾಸನತಜ್ಞರು, ಕಲ್ಲಿಗೊಂದು ಮಂಟಪ ಎದ್ದದ್ದು ನಾಗರಿಕರ ದೇಣಿಗೆಯಿಂದ. ಶಾಸನತಜ್ಞ ಬಿ. ಎಲ್. ರೈಸ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ದಾಖಲಿಸಿದ ಬೆಂಗಳೂರಿನ ಎಷ್ಟೋ ಶಾಸನಗಳು ಈಗ ಬಡಾವಣೆಗಳ ಅಡಿಯಲ್ಲಿ ಹೂತುಹೋಗಿವೆ. ಪ್ರತಿ ಕಲ್ಲಿಗೂ ಕಾವಲಿಡುವಷ್ಟು ಜನ ಯಾವ ಇಲಾಖೆಯಲ್ಲಿದ್ದಾರೆ? ಬೀದಿಯಲ್ಲಿ ದಿನವೂ ಓಡಾಡುವವನೇ ಕಾಯಬೇಕು.

ಈ ಕೆಲಸವನ್ನು ಜನರ ಕೈಗೆ ಕೊಟ್ಟರೆ ನಿಧಿಗಳ್ಳರು ನುಗ್ಗುತ್ತಾರೆ ಎಂಬ ಆಕ್ಷೇಪ ಹಗುರವಾದದ್ದಲ್ಲ. 2019ರಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಯಾಸೆಗೆ ಕೆಡವಿದರು. ಆದರೆ ನಿಧಿಗಳ್ಳ ರಾತ್ರಿ ಬರುತ್ತಾನೆ, ಯಾರಿಗೂ ಹೇಳುವುದಿಲ್ಲ. ಅವನನ್ನು ತಡೆಯಬಲ್ಲವರು ಆ ಕಲ್ಲಿನ ಬೆಲೆ ಗೊತ್ತಿರುವ ಊರವರೇ. ನನಗೆ ಹೆಚ್ಚು ಭಯವಿರುವುದು ಭಕ್ತಿ ಮತ್ತು ಅಭಿಮಾನದ ಬಗ್ಗೆ. ವೀರಗಲ್ಲಿಗೆ ಎಣ್ಣೆ ಸುರಿದು, ಬಣ್ಣ ಬಳಿದು, ಕಿತ್ತು ಗುಡಿಯೊಳಗೆ ನಿಲ್ಲಿಸುವವರು ಕೆಟ್ಟವರಲ್ಲ. ಸಿಕ್ಕಿದ ಚೂರೆಲ್ಲ ತಮ್ಮ ಊರಿನ, ತಮ್ಮ ಕುಲದ ಹಿರಿಮೆಗೆ ಸಾಕ್ಷಿ ಎನ್ನುವವರೂ ಪ್ರೀತಿಯಿಂದಲೇ ಹಾಗೆನ್ನುತ್ತಾರೆ. ಆದರೂ ಹಾನಿ ಹಾನಿಯೇ. ಇದಕ್ಕೆ ಮದ್ದು ಜನರನ್ನು ದೂರವಿಡುವುದಲ್ಲ, ಕಲಿಸುವುದು.

ಇಲ್ಲಿ ತಜ್ಞರ ಹೊಣೆಯೂ ಇದೆ. ಅಗೆದು ವರದಿ ಬರೆಯದೆ ದಶಕಗಟ್ಟಲೆ ಸುಮ್ಮನಿರುವುದು ನಿಧಿಗಳ್ಳತನಕ್ಕಿಂತ ಬಹಳ ದೂರದ್ದಲ್ಲ: ಎರಡರಲ್ಲೂ ಪದರ ಹೋಯಿತು, ತಿಳಿವಳಿಕೆ ಬರಲಿಲ್ಲ. ಕಾನೂನೂ ಜನರನ್ನು ಅನುಮಾನದಿಂದಲೇ ನೋಡುತ್ತದೆ. ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು, ಬಚ್ಚಿಟ್ಟರೆ ಶಿಕ್ಷೆ ಎನ್ನುವ 1878ರ ಕಾಯಿದೆಯ ನೆರಳಿನಲ್ಲಿ, ಗದ್ದೆಯಲ್ಲಿ ನಾಣ್ಯ ಕಂಡ ರೈತ ಮೊದಲು ಹೆದರುತ್ತಾನೆ. 1997ರಲ್ಲಿ ಶುರುವಾಗಿ ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ನಡೆಯುತ್ತಿರುವ ಯೋಜನೆಯೊಂದರಲ್ಲಿ ಜಿಲ್ಲೆಗಳಲ್ಲಿರುವ ಅಧಿಕಾರಿಗಳು ಜನ ತಂದು ತೋರಿಸಿದ್ದನ್ನು ದಾಖಲಿಸಿಕೊಳ್ಳುತ್ತಾರೆ. ಹೀಗೆ ಹತ್ತು ಲಕ್ಷಕ್ಕೂ ಮಿಕ್ಕಿದ ವಸ್ತುಗಳು ಸಾರ್ವಜನಿಕ ದಾಖಲೆಗೆ ಸೇರಿವೆ. ಮೆಟಲ್ ಡಿಟೆಕ್ಟರ್ ಹಿಡಿದವರನ್ನು ಇದು ಅಗೆಯಲು ಹುರಿದುಂಬಿಸುತ್ತದೆ ಎಂಬ ಟೀಕೆ ಅಲ್ಲೂ ಇದೆ. ಆ ಪದ್ಧತಿಯನ್ನು ಹಾಗೆಯೇ ನಕಲು ಮಾಡಬೇಕಿಲ್ಲ. ತಂದು ತೋರಿಸಿದವನನ್ನು ಕಳ್ಳನಂತೆ ಕಾಣದ ಒಂದು ಬಾಗಿಲು ಪ್ರತಿ ಜಿಲ್ಲೆಯಲ್ಲಿ ಇದ್ದರೆ ಸಾಕು.

ಆದ್ದರಿಂದ ಗುದ್ದಲಿ ಪರಿಣತರ ಉಸ್ತುವಾರಿಯಲ್ಲಿಯೇ ಇರಲಿ. ಅವರ ಪಕ್ಕದಲ್ಲಿ ಮಣ್ಣು ಜರಡಿ ಹಿಡಿಯಲು, ಚೂರು ತೊಳೆದು ಚೀಟಿ ಅಂಟಿಸಲು, ಅಳತೆ ಬರೆಯಲು ಊರವರಿಗೂ ವಿದ್ಯಾರ್ಥಿಗಳಿಗೂ ಜಾಗವಿರಲಿ. ಕಾಣುವ, ಕಾಯುವ ಕೆಲಸವಂತೂ ಎಲ್ಲರದು. ನಿಮ್ಮ ಹೊಲದ ಬದುವಿನಲ್ಲಿ, ಕೆರೆ ಏರಿಯಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಅದನ್ನು ಕೀಳಬೇಡಿ, ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ. ಇದ್ದಲ್ಲೇ ಫೋಟೋ ತೆಗೆದು, ಜಾಗ ಗುರುತು ಮಾಡಿ, ಪುರಾತತ್ತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೋ ತಿಳಿಸಿ.