ರಕ್ತನಾಳ ಸಂಶೋಧಕರ ತರಬೇತಿ: ತಾಲ್ಲೂಕಿನ ಪಾಲು

ರಕ್ತನಾಳದ ಕಾಯಿಲೆಗಳ ಸಂಶೋಧನೆಗೆ ಎರಡು ಬಗೆಯ ಜನ ಬೇಕು. ಮುಚ್ಚಿಹೋದ ಧಮನಿಗೆ ಬೈಪಾಸ್ ಹಾಕುವ ಸರ್ಜನ್ ಒಬ್ಬರು; ಆ ಧಮನಿ ಏಕೆ ಮುಚ್ಚಿತು ಎಂದು ಜೀವಕೋಶದ ಮಟ್ಟದಲ್ಲಿ ಹುಡುಕುವ ವಿಜ್ಞಾನಿ ಇನ್ನೊಬ್ಬರು. ಸರ್ಜನ್‌ಗೆ ದಿನವೂ ಹೊಸ ಪ್ರಶ್ನೆ ಎದುರಾಗುತ್ತದೆ, ಬಿಡುವು ಇರುವುದಿಲ್ಲ. ವಿಜ್ಞಾನಿಗೆ ಸಮಯವಿದೆ, ರೋಗಿಯ ಮುಖ ಕಾಣುವುದಿಲ್ಲ. ಇಬ್ಬರನ್ನೂ ಒಂದೇ ಪ್ರಶ್ನೆಯ ಮುಂದೆ ಕೂರಿಸುವುದು ತರಬೇತಿಯ ಕೆಲಸ.

ಆ ಪ್ರಶ್ನೆಗಳು ಹುಟ್ಟುವುದು ಊರುಗಳಲ್ಲಿ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ನಾಲೆ ಬಯಲಿನಲ್ಲಿ ಬರಿಗಾಲಲ್ಲಿ ಗದ್ದೆಗಿಳಿಯುವ ರೈತನಿಗೆ ಹಳೆಯ ಸಕ್ಕರೆ ಕಾಯಿಲೆ ಇದ್ದರೆ, ಮುಳ್ಳು ಚುಚ್ಚಿದ್ದೂ ಗೊತ್ತಾಗದಿರಬಹುದು. ರಕ್ತ ಸಾಲದ ಪಾದದಲ್ಲಿ ಗಾಯ ಮಾಯುವುದಿಲ್ಲ. ಬೀಡಿ ಸೇದುವ ಚಿಕ್ಕ ವಯಸ್ಸಿನ ಗಂಡಸರಲ್ಲಿ ಬರ್ಜರ್ ಕಾಯಿಲೆ ಕಾಲ್ಬೆರಳುಗಳನ್ನು ಕೊಳೆಸುತ್ತದೆ. ರೇಷ್ಮೆ ನೂಲು ಬಿಚ್ಚಣಿಕೆಯಂಥ ನಿಂತೇ ಮಾಡುವ ಕೆಲಸಗಳಿಗೂ ಕಾಲಿನ ಉಬ್ಬಿದ ಸಿರೆಗಳಿಗೂ ನಂಟಿದೆ. ನಡೆದಾಗ ಮೀನಖಂಡ ಹಿಡಿದುಕೊಳ್ಳುವುದನ್ನು ಹೆಚ್ಚಿನವರು ವಯಸ್ಸಿನ ನೋವೆಂದು ಸುಮ್ಮನಿರುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತನಾಳ ತಜ್ಞರ ಹುದ್ದೆ ಇರುವುದಿಲ್ಲ. ರೋಗಿ ಮೈಸೂರು ಸೇರುವ ಹೊತ್ತಿಗೆ ಉಳಿದಿರುವ ಪ್ರಶ್ನೆ ಕಾಲನ್ನು ಎಲ್ಲಿಗೆ ಕತ್ತರಿಸಬೇಕು ಎಂಬುದಷ್ಟೇ ಆಗಿರಬಹುದು.

ಕಾಲು ಆ ಹಂತ ತಲುಪುವ ಮೊದಲೇ ಕಾಯಿಲೆ ಪತ್ತೆ ಹಚ್ಚುವ ಒಂದು ಸರಳ ಪರೀಕ್ಷೆಯನ್ನು ನೋಡಬಹುದು. ತೋಳಿಗೂ ಕಣಕಾಲಿಗೂ ಬಿಪಿ ಪಟ್ಟಿ ಕಟ್ಟಿ, ಅಂಗೈಯಲ್ಲಿ ಹಿಡಿಯುವ ಡಾಪ್ಲರ್‌ನಿಂದ ರಕ್ತದ ಸದ್ದು ಕೇಳಿ, ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುತ್ತಾರೆ. ಭಾಗಲಬ್ಧ 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ಧಮನಿ ಕಿರಿದಾಗಿದೆ ಎಂದರ್ಥ. ತರಬೇತಿ ಪಡೆದ ನರ್ಸ್ ಕೂಡ ಇದನ್ನು ಮಾಡಬಲ್ಲರು. ಆದರೆ ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ಧಮನಿಯ ನಡುಪದರದಲ್ಲಿ ಕ್ಯಾಲ್ಸಿಯಂ ಕೂತು ನಾಳ ಗಟ್ಟಿಯಾಗುತ್ತದೆ, ಪಟ್ಟಿ ಬಿಗಿದರೂ ಅದು ಅಮುಕಿಕೊಳ್ಳುವುದಿಲ್ಲ. ಆಗ ಲೆಕ್ಕ ಸರಿಯಾಗಿಯೇ ಬರುತ್ತದೆ, ಕಾಲು ಮಾತ್ರ ಸಾಯುತ್ತಿರುತ್ತದೆ. ಅಂಥವರಲ್ಲಿ ಕಾಲ್ಬೆರಳಿನ ಒತ್ತಡ ಅಳೆಯಬೇಕು. ಕ್ಯಾಲ್ಸಿಯಂ ಅಲ್ಲಿ ಏಕೆ ಕೂರುತ್ತದೆ ಎಂಬುದು ಜೀವವಿಜ್ಞಾನಿಯ ಪ್ರಶ್ನೆ. ಬೆರಳಿನ ಒತ್ತಡ ಅಳೆಯುವ ಅಗ್ಗದ ಯಂತ್ರ ಎಂಜಿನಿಯರನ ಪ್ರಶ್ನೆ. ಯಾರಿಗೆ, ಯಾವಾಗ ಬೈಪಾಸ್ ಎಂಬುದು ಸರ್ಜನ್‌ನ ಪ್ರಶ್ನೆ. ಮೂರೂ ಒಂದೇ ಕಾಲಿನಿಂದ ಎದ್ದವು.

ಈ ಬಗೆಯ ಕೆಲಸ ಫಲ ಕೊಟ್ಟಿದ್ದಕ್ಕೆ ಉದಾಹರಣೆಗಳಿವೆ. ರಕ್ತನಾಳ ಹೊಲಿಯುವ ಕ್ರಮವನ್ನು ರೂಪಿಸಿ 1912ರಲ್ಲಿ ನೊಬೆಲ್ ಪಡೆದ ಅಲೆಕ್ಸಿ ಕ್ಯಾರೆಲ್ ಸರ್ಜನ್ ಆಗಿದ್ದೂ ಪ್ರಯೋಗಾಲಯದಲ್ಲಿ ಬೆಳೆದವರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಸರ್ಜನ್‌ಗಳನ್ನೂ ಎಂಜಿನಿಯರ್‌ಗಳನ್ನೂ ಒಂದೇ ಸಂಸ್ಥೆಯಲ್ಲಿ ಸೇರಿಸಿದರು. ಮೊದಲ ಮಾದರಿಗಳು ಸೋತ ಮೇಲೆ ಗೆದ್ದ ಚಿತ್ರಾ ಹೃದಯ ಕವಾಟ 1990ರಲ್ಲಿ ರೋಗಿಯ ಎದೆ ಸೇರಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ಹುಟ್ಟುತೂಕ ಬರೆದಿಟ್ಟ ದಾಖಲೆಗಳಿದ್ದವು. ಅವುಗಳಲ್ಲಿದ್ದ 517 ಜನರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಧಮನಿಗಳ ಕಾಯಿಲೆ ಹೆಚ್ಚೆಂದು ಕಂಡಿತು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. ದಾಖಲೆಯನ್ನು ಅಚ್ಚುಕಟ್ಟಾಗಿ ಇಡುವುದೂ ಸಂಶೋಧನಾ ತರಬೇತಿಯ ಪಾಠವೇ ಎಂಬುದಕ್ಕೆ ಇದು ಸಾಕ್ಷಿ.

ಈಗಿನ ದಾರಿ ಉದ್ದವಾಗಿದೆ. ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂ.ಎಸ್.ಗೆ ಮೂರು, ರಕ್ತನಾಳ ಶಸ್ತ್ರಚಿಕಿತ್ಸೆಯ ಎಂ.ಸಿಎಚ್.ಗೆ ಮತ್ತೆ ಮೂರು. ಅಷ್ಟರಲ್ಲಿ ವಯಸ್ಸು ಮೂವತ್ತು ಸಮೀಪಿಸಿ, ಸಂಸಾರ ಮತ್ತು ಸಾಲ ಎರಡೂ ಕಾಯುತ್ತಿರುತ್ತವೆ. ಆಗ ಪಿಎಚ್.ಡಿ.ಗೆ ಹೋಗೆಂದರೆ ಹೋಗುವವರು ಕಡಿಮೆ. ಸ್ನಾತಕೋತ್ತರ ಪ್ರಬಂಧ ಕಡ್ಡಾಯವಾದರೂ ಪರೀಕ್ಷೆಗೆ ಕೂರಲು ಬೇಕಾದ ಕಾಗದವಾಗಿ ಮುಗಿಯುವುದೇ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವೈದ್ಯಕೀಯ ಶಾಲೆ ಕಟ್ಟಿ ಎಂ.ಡಿ.–ಪಿಎಚ್.ಡಿ. ಜೋಡಿಸಲು ಹೊರಟಿರುವುದು ಈ ಕೊರತೆಯನ್ನು ಮನಗಂಡೇ.

ಸರ್ಜನ್‌ಗಳನ್ನು ಸಂಶೋಧನೆಗೆ ತರುವುದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಸರ್ಜನ್‌ಗಳೇ ಸಾಲದ ನಾಡಿನಲ್ಲಿ, ಇರುವವರನ್ನೂ ಪ್ರಯೋಗಾಲಯಕ್ಕೆ ಕಳಿಸಿದರೆ ರೋಗಿಯ ಗತಿ ಏನು? ಆಕ್ಷೇಪ ನ್ಯಾಯವಾದದ್ದು. ಆದರೆ ಎಲ್ಲ ಸರ್ಜನ್‌ಗಳೂ ವಿಜ್ಞಾನಿಗಳಾಗಬೇಕಿಲ್ಲ. ಪ್ರತಿ ಕಾಲೇಜಿನಲ್ಲಿ ಒಬ್ಬಿಬ್ಬರಾದರೆ ಸಾಕು. ಮೇಲಾಗಿ ಕಾಲು ಉಳಿಸುವ ಅಗ್ಗದ ಪರೀಕ್ಷೆ ಇಲ್ಲಿನ ರೋಗಿಗಳ ಮೇಲೆ ರೂಪುಗೊಳ್ಳದಿದ್ದರೆ, ಎಷ್ಟು ಸರ್ಜನ್‌ಗಳು ಬಂದರೂ ಕತ್ತರಿಸುವ ಕೆಲಸವೇ ಬೆಳೆಯುತ್ತದೆ.

ಆದ್ದರಿಂದ ಮಾಡಬೇಕಾದ್ದು ನಾಲ್ಕು. ಸಂಶೋಧನೆಗೆ ಒಪ್ಪಿದ ಯುವ ಸರ್ಜನ್‌ಗೆ ವಾರದಲ್ಲಿ ಎರಡು ದಿನ ಡ್ಯೂಟಿಯಿಂದ ಬಿಡುಗಡೆ, ಸಂಬಳ ಕಡಿತವಿಲ್ಲದೆ. ಒಬ್ಬ ಸರ್ಜನ್, ಒಬ್ಬ ವಿಜ್ಞಾನಿ ಹೀಗೆ ಇಬ್ಬರು ಮಾರ್ಗದರ್ಶಕರು. ವಿಜ್ಞಾನದ ವಿದ್ಯಾರ್ಥಿಗೂ ಗಾಯ ಕಟ್ಟುವ ಕೋಣೆಯಲ್ಲಿ ಕಡ್ಡಾಯ ದಿನಗಳು. ನಾಲ್ಕನೆಯದು ತಾಲ್ಲೂಕು. ಸ್ನಾತಕೋತ್ತರ ವೈದ್ಯರಿಗೆ ಈಗ ಜಿಲ್ಲಾ ವ್ಯವಸ್ಥೆಯಲ್ಲಿ ಮೂರು ತಿಂಗಳ ಸೇವೆ ಕಡ್ಡಾಯವಾಗಿದೆ. ಆ ಅವಧಿಯಲ್ಲಿ ನಂಜನಗೂಡು, ನರಸೀಪುರದಂಥ ಕಡೆ ಸಕ್ಕರೆ ಕಾಯಿಲೆಯವರ ಕಾಲು ಪರೀಕ್ಷಿಸಿ, ಒಂದೇ ನಮೂನೆಯ ದಾಖಲೆ ಬರೆದು, ಮುಂದಿನ ತಂಡಕ್ಕೆ ಒಪ್ಪಿಸಿದರೆ ಹತ್ತು ವರ್ಷಗಳಲ್ಲಿ ಅದು ದೊಡ್ಡ ಸಂಶೋಧನೆಗೆ ತಳಹದಿಯಾಗುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಮೈಸೂರಿನ ವೈದ್ಯಕೀಯ ಕಾಲೇಜುಗಳೂ ಆರೋಗ್ಯ ಇಲಾಖೆಯೂ ಕೂತು ಒಪ್ಪಂದ ಮಾಡಿಕೊಂಡರೆ ಮುಂದಿನ ತಂಡದಿಂದಲೇ ಶುರು ಮಾಡಬಹುದು.