ತಿರುಗದ ತಟ್ಟೆಯೂ ತಾಳೆಯ ಗರಿಯೂ

ನನ್ನ ತಂದೆಯವರು ತಾಳಮದ್ದಳೆಯ ಅರ್ಥಧಾರಿಗಳಾಗಿದ್ದರು. ಹೆಸರಾಂತವರ ಸಾಲಿಗೆ ಸೇರಿದವರಲ್ಲ. ಕಾಪು, ಶಿರ್ವ, ಕಾರ್ಕಳದ ಸುತ್ತಿನ ಕೂಟಗಳಿಗೆ ದೊಡ್ಡವರು ಯಾರಾದರೂ ಬಾರದೆ ಹೋದಾಗ ಇವರಿಗೆ ಕರೆ ಬರುತ್ತಿತ್ತು. ಆದರೂ ಅವರ ಭೀಷ್ಮನನ್ನು ಒಮ್ಮೆ ಕೇಳಿದವರು ಇನ್ನೊಮ್ಮೆ ಕೇಳಬೇಕೆನ್ನುತ್ತಿದ್ದರು. 1980ರ ದಶಕದಲ್ಲಿ ಅಣ್ಣ ಮುಂಬಯಿಯಿಂದ ಟೇಪ್ ರೆಕಾರ್ಡರೊಂದನ್ನು ತಂದು ಆ ಕೂಟಗಳನ್ನು ಹಿಡಿದಿಟ್ಟರು. ಒಟ್ಟು 42 ಕ್ಯಾಸೆಟ್ಟುಗಳು. ತಂದೆಯವರು ತೀರಿಕೊಂಡ ಬಹುಕಾಲದ ಮೇಲೆ, ನಾನು ಶಾಲೆಯ ಕೆಲಸದಿಂದ ನಿವೃತ್ತನಾದ ವರ್ಷ, ಅವೆಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿದೆ. ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟುಗಳನ್ನು ಆಮೇಲೆ ಎಸೆದೆ. ವಾಚಕರು ಈ ಕೊನೆಯ ವಾಕ್ಯವನ್ನು ನೆನಪಿನಲ್ಲಿರಿಸಿಕೊಳ್ಳಬೇಕು. ಈ ಲೇಖನಕ್ಕೆ ಕಾರಣವಾದ ಮೂರ್ಖತನ ಅಲ್ಲಿದೆ.

ಕಳೆದ ಆಟಿಯಲ್ಲಿ, ತಂದೆಯವರ ಶ್ರಾದ್ಧದ ಹಿಂದಿನ ಸಂಜೆ, ಮೊಮ್ಮಗಳಿಗೆ ಅವಳ ಮುತ್ತಜ್ಜನ ದನಿಯನ್ನು ಕೇಳಿಸೋಣವೆಂದು ಕಪಾಟಿನಿಂದ ಡಿಸ್ಕನ್ನು ತೆಗೆದೆ. ನಾಲ್ಕು ವರ್ಷಗಳಿಂದ ಅದನ್ನು ಮುಟ್ಟಿರಲಿಲ್ಲ. ಜೋಡಿಸಿದೊಡನೆ ಸಣ್ಣ ದೀಪವೇನೋ ಹತ್ತಿತು. ತಟ್ಟೆ ತಿರುಗುವ ಆ ಮಂದವಾದ ಮೊರೆತ ಕೇಳಿಸಲಿಲ್ಲ. ಕಿವಿಗೆ ಹಿಡಿದೆ. ಹುಳುವೊಂದು ಒಳಗೆ ಸಿಕ್ಕಿ ನರಳುವಂತೆ ಎರಡು ಮೂರು ಸಲ ಕಿರ್ ಎಂದು, ಮತ್ತೆ ಸುಮ್ಮನಾಯಿತು. ಇನ್ನೊಮ್ಮೆ ಜೋಡಿಸಿದೆ, ಮತ್ತೊಮ್ಮೆ ಜೋಡಿಸಿದೆ. ಹೊರಗೆ ಕಡಲು ಮೊರೆಯುತ್ತಿತ್ತು. ಒಳಗಿನ ಈ ಪುಟ್ಟ ಪೆಟ್ಟಿಗೆ ಮಾತ್ರ ಮಾತನಾಡದು.

ಇಂಥ ಸಂದರ್ಭದಲ್ಲಿ ಸಲಹೆಗಳಿಗೆ ನಮ್ಮ ಊರಿನಲ್ಲಿ ಬರವಿಲ್ಲ. ಪಕ್ಕದ ಮನೆಯವರು ಅದನ್ನು ಒಂದು ರಾತ್ರಿ ಫ್ರೀಜರಿನಲ್ಲಿಡಬೇಕೆಂದರು. ಮಸ್ಕತ್ತಿನಲ್ಲಿರುವ ಸೋದರಳಿಯ ಫೋನಿನಲ್ಲಿ, ಅಂಗೈಯಿಂದ ಎರಡು ಪೆಟ್ಟು ಕೊಟ್ಟರೆ ಸರಿಹೋದೀತೆಂದ. ಉಡುಪಿಯ ಒಂದು ಅಂಗಡಿಯಲ್ಲಿ ಹುಡುಗನೊಬ್ಬ ಸ್ಕ್ರೂ ಡ್ರೈವರ್ ಹಿಡಿದು "ಬಿಚ್ಚಿ ನೋಡುವಾ" ಎಂದು ಮುಂದಾದಾಗ, ಅದೇಕೋ ನನ್ನ ಕೈ ತಾನಾಗಿಯೇ ಅದನ್ನು ಹಿಂದಕ್ಕೆ ಎಳೆದುಕೊಂಡಿತು. ಕಡೆಗೆ ಮಣಿಪಾಲದಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನಲ್ಲಿಗೆ ಹೋದೆ.

"ಎಷ್ಟು ಸಲ ಆನ್ ಮಾಡಿದ್ರಿ ಮಾಷ್ಟ್ರೆ?"

"ಹತ್ತು ಹನ್ನೆರಡು ಸಲ ಆದೀತು."

"ಇನ್ನು ಮಾತ್ರ ಮಾಡ್ಬೇಡಿ. ಉಂಟಾದ್ದೂ ಹೋಗ್ತದೆ."

ಆತ ವಿವರಿಸಿದುದನ್ನು ನಾನು ತಿಳಿದಂತೆ ಹೇಳುತ್ತೇನೆ. ಒಳಗೆ ಗಾಜಿನ ಇಲ್ಲವೆ ಅಲ್ಯೂಮಿನಿಯಮ್ಮಿನ ಕನ್ನಡಿಯಂಥ ತಟ್ಟೆಗಳಿವೆ. ಬರಹವೆಲ್ಲ ಅವುಗಳ ಮೇಲಣ ಕಾಂತೀಯ ಲೇಪದಲ್ಲಿ. ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುವಾಗ, ಓದುವ ತಲೆಯು ಅದನ್ನು ಮುಟ್ಟದೆ, ತಿರುಗುವಿಕೆಯಿಂದಲೇ ಹುಟ್ಟಿದ ಗಾಳಿಯ ಪೊರೆಯ ಮೇಲೆ ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ ತೇಲುತ್ತದೆ. ಕೂದಲೆಳೆಯೊಂದರ ದಪ್ಪ ಈ ಎಡೆಯ ಸುಮಾರು ಹತ್ತು ಸಾವಿರ ಪಟ್ಟು. ಕೆಲಸ ಮುಗಿದಾಗ ಆ ತಲೆ ತಟ್ಟೆಯಿಂದ ಇಳಿದು ಅಂಚಿನಾಚೆಯ ತನ್ನ ಮೆಟ್ಟಿಲಿಗೆ ಸೇರಬೇಕು. ಅಚಾತುರ್ಯದಿಂದ ತಟ್ಟೆಯ ಮೇಲೆಯೇ ಉಳಿಯಿತೆನ್ನಿ, ಎರಡು ನುಣುಪು ಮೈಗಳು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಅದನ್ನು ಬಿಡಿಸಿ ತಿರುಗಿಸುವ ಕಸುವು ಪುಟ್ಟ ಮೋಟಾರಿಗಿಲ್ಲ. ನಾನು ಕೇಳಿದ ನರಳಾಟ ಇದೇ. ಬಲವಂತ ಮಾಡಿದರೆ ತಲೆ ಕಿತ್ತು ತಟ್ಟೆಯನ್ನು ಗೀರೀತು. ಗೀರಿದ ಕಡೆಯ ಲೇಪ ಪುಡಿಯಾದಲ್ಲಿಗೆ, ಆ ಬರಹ ಯಾವ ವಿದ್ಯೆಗೂ ಸಿಗದು.

ತಿರುಗದಿರುವುದಕ್ಕೆ ಬೇರೆ ಕಾರಣಗಳೂ ಇವೆ. ಕೆಳಗೆ ಬಿದ್ದು ಅಚ್ಚು ಬಿಗಿದುಕೊಂಡಿರಬಹುದು. ಸಿಡಿಲು ಮಿಂಚಿನ ದಿನಗಳಲ್ಲಿ ವಿದ್ಯುತ್ತು ಏರಿಳಿದು ಕೆಳಗಿನ ಹಸಿರು ಫಲಕ ಸುಟ್ಟಿರಬಹುದು. ಇದು ಎಲ್ಲಕ್ಕಿಂತ ಹಗುರವಾದ ರೋಗ. ಆದರೆ ಅದೇ ಮಾದರಿಯ ಇನ್ನೊಂದು ಫಲಕವನ್ನು ತಂದು ಹಚ್ಚಿದರೆ ಸಾಲದಂತೆ. ಪ್ರತಿಯೊಂದು ಡಿಸ್ಕಿಗೂ ಅದರದೇ ಅಳತೆಗಳನ್ನು ಬರೆದಿಟ್ಟ ಒಂದು ಚಿಪ್ಪು ಹಳೆಯ ಫಲಕದಲ್ಲಿರುತ್ತದೆ, ಅದನ್ನೂ ಬಿಡಿಸಿ ಹೊಸದಕ್ಕೆ ಕೂರಿಸಬೇಕು. ಉಪ್ಪುಗಾಳಿಯ ನಮ್ಮ ಕರಾವಳಿಯಲ್ಲಿ ಫಲಕದ ಲೋಹದ ಕೂಡುತಾಣಗಳು ಕಪ್ಪಾಗಿ ಕೈಕೊಡುವುದೂ ಉಂಟು. ಇನ್ನು ಫ್ರೀಜರಿನ ಮಾತು: ಮಂಜುಗಟ್ಟಿದ ಡಿಸ್ಕನ್ನು ಆಟಿಯ ತೇವಕ್ಕೆ ತೆಗೆದರೆ ತಟ್ಟೆಯ ಮೇಲೆ ಹನಿ ಕೂಡುವುದು ಯಾರಿಗಾದರೂ ಹೊಳೆಯಬೇಕು. ಬಾಗಿಲು ತೆರೆದ ಅಂಗಡಿಯಲ್ಲಿ ಅದನ್ನು ಬಿಚ್ಚುವುದೆಂದರೆ, ತಲೆ ತೇಲುವ ಆ ಎಡೆಗಿಂತ ನೂರಾರು ಪಟ್ಟು ದೊಡ್ಡದಾದ ಧೂಳಿನ ಕಣಗಳನ್ನು ಒಳಕ್ಕೆ ಆಹ್ವಾನಿಸಿದಂತೆ. ಸೋಸಿದ ಗಾಳಿಯ ಕೋಣೆಯಲ್ಲಿ, ಪಳಗಿದ ಕೈ ಮಾಡಬೇಕಾದ ಕೆಲಸ ಅದು. ಹಾಗೆಂದು ಡಿಸ್ಕು ಬೆಂಗಳೂರಿಗೆ ಹೋಯಿತು. ಕೇಳಿದ ಹಣ ನನ್ನ ಒಂದು ತಿಂಗಳ ಪಿಂಚಣಿಗೆ ಮಿಗಿಲಾಗಿತ್ತು. ಆರು ವಾರ ಕಾದೆ.

ಕಾಯುವ ಆ ದಿನಗಳಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಪಲಿಮಾರಿಗೆ ಹೋಗುತ್ತಿತ್ತು. ನಮ್ಮ ಕಾಪುವಿನ ತೆಂಕಲಿಗೆ ಆ ಊರು. ಉಡುಪಿಯ ಅಷ್ಟಮಠಗಳಲ್ಲಿ ಒಂದಕ್ಕೆ ಹೆಸರು ಕೊಟ್ಟದ್ದು. ಆ ಮಠದ ಮೊದಲ ಯತಿಗಳಾದ ಹೃಷೀಕೇಶ ತೀರ್ಥರು ತಮ್ಮ ಗುರುಗಳಾದ ಮಧ್ವಾಚಾರ್ಯರ ಗ್ರಂಥಗಳನ್ನು ತಾಳೆಗರಿಯಲ್ಲಿ ಬರೆದಿಟ್ಟರೆಂಬುದು ಪರಂಪರೆ. ಸರ್ವಮೂಲವೆಂದು ಪ್ರಸಿದ್ಧವಾದ ಆ 36 ಗ್ರಂಥಗಳ ಓಲೆಕಟ್ಟು ಏಳು ಶತಮಾನಗಳಲ್ಲಿ ಕಪ್ಪಾಗಿ, ಅಂಚು ಮುರಿದು, ಓದಲಾಗದ ಸ್ಥಿತಿಗೆ ಬಂದಿತ್ತು. ಅಮೆರಿಕದ ರಾಚೆಸ್ಟರಿನ ತಂತ್ರವಿದ್ಯಾಲಯದ ಪಿ. ಆರ್. ಮುಕುಂದ್ ಮತ್ತು ಅವರ ಜೊತೆಗಾರರು 2006ರ ಸುಮಾರಿಗೆ ಈ ಗರಿಗಳ ಚಿತ್ರವನ್ನು ಅವಕೆಂಪು ಬೆಳಕಿನಲ್ಲಿ ಭಾಗ ಭಾಗವಾಗಿ ತೆಗೆದು ಜೋಡಿಸಿದರು. ಕಣ್ಣಿಗೆ ಕಾಣದ ಆ ಬೆಳಕಿನಲ್ಲಿ ಗರಿಯ ಕಪ್ಪು ತಿಳಿಯಾಗಿ ಅಕ್ಷರ ಎದ್ದು ಬಂದಿತು. ನನಗೆ ಇದಕ್ಕಿಂತ ಹಿಡಿಸಿದ ಸಂಗತಿ ಇನ್ನೊಂದು: ಆ ವಿದ್ವಾಂಸರು ಚಿತ್ರಗಳನ್ನು ಕಂಪ್ಯೂಟರಿನಲ್ಲಿರಿಸಿ ಕೈತೊಳೆದುಕೊಳ್ಳುವ ವಿಚಾರ ಮಾಡಲಿಲ್ಲ. ಪುಸ್ತಕವಾಗಿಯೂ ಉಳಿಸಬೇಕು, ಬೆಂಕಿ ನೀರುಗಳಿಗೆ ಅಂಜದ ಸಿಲಿಕಾನ್ ಬಿಲ್ಲೆಗಳ ಮೇಲೆಯೂ ಮೂಡಿಸಬೇಕು ಎಂದರು. ಕಂಪ್ಯೂಟರನ್ನು ಬಲ್ಲವರಿಗೇ ಕಂಪ್ಯೂಟರಿನ ಮೇಲೆ ನಂಬಿಕೆ ಕಡಿಮೆ!

ಕಾರ್ಕಳದಿಂದ ಮುಂದೆ ಸಾಗಿದರೆ ಮೂಡುಬಿದಿರೆ. ಜೈನರ ಧವಳ ಗ್ರಂಥದ ಓಲೆಗಳು ಶತಮಾನಗಳ ಕಾಲ ಅಲ್ಲಿನ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು. ಬಂದವರಿಗೆ ದರ್ಶನವುಂಟು, ಓದುವುದಕ್ಕಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಮೊದಲಾಗಿ, ಅದು ದಶಕಗಳ ಕಾಲ ನಡೆದು, 1939ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಇಂದು ಅದು ಯಾವ ಊರಿನಲ್ಲಾದರೂ ದೊರೆಯುತ್ತದೆ. ಆ ಬಸದಿಗೆ ಅಂದು ಬೆಂಕಿ ತಗಲಿದ್ದರೆ?

ಓಲೆಗ್ರಂಥಗಳ ಕೊನೆಯಲ್ಲಿ ಲಿಪಿಕಾರರು ಹೇಳಿಕೊಳ್ಳುವ ಮಾತೊಂದಿದೆ. ಬೆನ್ನು ಮುರಿದು, ಕತ್ತು ಬಾಗಿ ಬರೆದಿದ್ದೇನೆ. ಎಣ್ಣೆಯಿಂದ, ನೀರಿನಿಂದ, ಸಡಿಲಾದ ಕಟ್ಟಿನಿಂದ ಇದನ್ನು ಕಾಪಾಡಿ, ಮೂರ್ಖನ ಕೈಗೆ ಕೊಡಬೇಡಿ ಎಂಬುದು ಅದರ ತಾತ್ಪರ್ಯ. ಸಂಸ್ಕೃತದ ಮೇಷ್ಟರಾಗಿದ್ದ ನಾನು ಇದನ್ನು ಎಷ್ಟೋ ವರ್ಷ ಮಕ್ಕಳಿಗೆ ನಗುತ್ತ ಹೇಳಿದ್ದೆ. ಆ ಮೂರ್ಖ ಯಾರೆಂದು ಈ ಸಲ ಗೊತ್ತಾಯಿತು.

ನನ್ನ ಜಗಳ ಈಗ ನನ್ನೊಬ್ಬನೊಡನೆ ಮಾತ್ರವಲ್ಲ. ದೇವಸ್ಥಾನದ ಆಡಳಿತದವರು, ಯಕ್ಷಗಾನ ಸಂಘದವರು, ಶಾಲೆಯ ಹಳೆ ವಿದ್ಯಾರ್ಥಿಗಳು, ಎಲ್ಲರೂ 'ಡಿಜಿಟಲೀಕರಣ' ಮಾಡಿದೆವೆಂದು ಸಭೆ ಕರೆದು ಹಾರ ಹಾಕಿಸಿಕೊಳ್ಳುತ್ತಾರೆ. ಮಾಡಿದ್ದು ಎಲ್ಲಿದೆಯೆಂದು ಕೇಳಿದರೆ ಕಾರ್ಯದರ್ಶಿಗಳ ಗೋದ್ರೆಜ್ ಕಪಾಟನ್ನು ತೋರಿಸುತ್ತಾರೆ. ಒಂದೇ ಪೆಟ್ಟಿಗೆ! ಮೂಲದ ಕಾಗದ ಗುಜರಿಗೆ ಹೋಗಿರುತ್ತದೆ. 1956ರಲ್ಲಿ ಐ.ಬಿ.ಎಂ. ಹೊರತಂದ ಮೊತ್ತಮೊದಲ ಡಿಸ್ಕ್ ಯಂತ್ರದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದು, ಟನ್ನಿಗೂ ಹೆಚ್ಚು ತೂಕದ ಅದರಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು. ತಂದೆಯವರ ಭೀಷ್ಮನ ಪೀಠಿಕೆಗೂ ಅದು ಸಾಲುತ್ತಿರಲಿಲ್ಲ. ಇಂದು ಊರಿನ ಚರಿತ್ರೆಯೆಲ್ಲ ಜೇಬಿನಲ್ಲಿ ಹಿಡಿಸುತ್ತದೆ. ಒಂದು ಸಲ ಕೈಜಾರಿದರೆ ಚರಿತ್ರೆಯೆಲ್ಲ ಹೋಗುತ್ತದೆ. ಓಲೆಯ ಕಾಲದಲ್ಲಿ ಒಂದು ಪ್ರತಿಗೆ ಬೆನ್ನು ಮುರಿಯಬೇಕಿತ್ತು, ಪ್ರತಿಯಲ್ಲಿ ತಪ್ಪುಗಳೂ ನುಸುಳುತ್ತಿದ್ದವು. ಈಗ ತಪ್ಪಿಲ್ಲದ ಪ್ರತಿ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಗುತ್ತದೆ. ಹೀಗಿದ್ದೂ ನಾವು ಮಾಡುವುದಿಲ್ಲ. ಇನ್ನೆರಡು ಪ್ರತಿ, ಅವುಗಳಲ್ಲಿ ಒಂದು ಪರಊರಿನಲ್ಲಿ. ವರ್ಷಕ್ಕೊಮ್ಮೆ ತಿರುಗಿಸಿ ನೋಡುವುದು. ಏನೇನಿದೆಯೆಂಬ ಪಟ್ಟಿ ಕಾಗದದ ಮೇಲೆ. ಇಷ್ಟಕ್ಕೆ ತಗಲುವ ಖರ್ಚು ಒಂದು ಸನ್ಮಾನದ ಶಾಲು, ಫಲಕಗಳಿಗಿಂತ ಹೆಚ್ಚಾಗದು. ಕಳೆದುದನ್ನು ಮರಳಿ ತರುವ ಆ ಬೆಂಗಳೂರಿನ ವಿದ್ಯೆ ದೊಡ್ಡದೇ. ಅದನ್ನು ನೆಚ್ಚಿ ಕೂರುವುದು ಆಸ್ಪತ್ರೆಯಿದೆಯೆಂದು ಬಾವಿಗೆ ಹಾರಿದ ಹಾಗೆ.

ಗಣೇಶ ಚೌತಿಯ ಹೊತ್ತಿಗೆ ಹೊಸದೊಂದು ಡಿಸ್ಕಿನಲ್ಲಿ ನನ್ನದು ಮರಳಿತು. 84 ಕಡತಗಳಲ್ಲಿ 61 ಸಿಕ್ಕಿವೆ. ಹೆಸರುಗಳೆಲ್ಲ ಅಳಿಸಿ ಬರಿಯ ಅಂಕಿಗಳು ಉಳಿದಿವೆ, ದಾರ ಹರಿದು ಚೆದರಿದ ಓಲೆಗಳಂತೆ. ಕಾರ್ಕಳದ 'ಭೀಷ್ಮಾರ್ಜುನ' ನಡುವಿನಲ್ಲಿ ತುಂಡಾಗಿದೆ. ಎಂಬತ್ತು ದಾಟಿದ ಅಣ್ಣ ದಿನವೂ ಸಂಜೆ ಬಂದು ಚಾವಡಿಯಲ್ಲಿ ಕುಳಿತುಕೊಳ್ಳುತ್ತಾರೆ. ಭಾಗವತರ ಕಂಠ, ಮದ್ದಳೆಯ ಪೆಟ್ಟು, ಸಭಿಕರ ಕೆಮ್ಮುಗಳಿಂದ ಯಾವುದು ಯಾವ ಊರಿನದೆಂದು ನಾವಿಬ್ಬರೂ ಗುರುತು ಹಚ್ಚುತ್ತೇವೆ. ಮೊಮ್ಮಗಳು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಹದಿನೇಳನೆಯದನ್ನು ಅಣ್ಣ ಶಿರ್ವದ್ದೆನ್ನುತ್ತಾರೆ, ನಾನು ಕಾರ್ಕಳದ್ದೆನ್ನುತ್ತೇನೆ. ಹಂಚಿನ ಮೇಲೆ ಮಳೆ ಬೀಳುವ ಸದ್ದು ಅದರಲ್ಲಿದೆ. ತಂದೆಯವರು ಮಾತು ನಿಲ್ಲಿಸಿ, ಮಳೆ ತಗ್ಗುವುದನ್ನು ಕಾದು, ಮತ್ತೆ ತೊಡಗುತ್ತಾರೆ.