ಅಗ್ಗದ ಔಷಧಿಯ ದುಬಾರಿ ಲೆಕ್ಕ

2023ರಲ್ಲಿ ಅಮೆರಿಕದ ಅನೇಕ ಕ್ಯಾನ್ಸರ್ ಚಿಕಿತ್ಸಾ ಕೇಂದ್ರಗಳಿಗೆ ಸಿಸ್‌ಪ್ಲಾಟಿನ್ ಸಾಕಷ್ಟು ದೊರೆಯಲಿಲ್ಲ. ಇದು 1978ರಲ್ಲಿಯೇ ಇಲ್ಲಿ ಅನುಮೋದನೆ ಪಡೆದ, ವೃಷಣದ ಕ್ಯಾನ್ಸರನ್ನು ಬಹುಮಟ್ಟಿಗೆ ಗುಣಪಡಿಸಬಲ್ಲ, ಪೇಟೆಂಟ್ ಎಂದೋ ಮುಗಿದ ಔಷಧಿ. ಇಷ್ಟು ಅಗ್ಗದ ವಸ್ತುವಿಗೆ ಕೊರತೆಯೇಕೆ ಎಂಬ ಪ್ರಶ್ನೆಗೆ ವೈದ್ಯನಾದ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಅಗ್ಗವಾದುದೇ ಕಾರಣವೆಂಬುದು ಆಮೇಲೆ ತಿಳಿಯಿತು.

ಉತ್ಪಾದನಾ ವೆಚ್ಚದಲ್ಲಿ ಎರಡು ಬಗೆ. ಕ್ರಿಮಿರಹಿತ ಕೊಠಡಿ, ವಾಯುಶೋಧಕ, ಗುಣಪರೀಕ್ಷೆಯ ಸಿಬ್ಬಂದಿ ಇವು ಸ್ಥಿರ ವೆಚ್ಚ. ಸೀಸೆ ಒಂದಿರಲಿ, ಲಕ್ಷವಿರಲಿ, ಅದು ತಪ್ಪದು. ಕಚ್ಚಾವಸ್ತು, ಗಾಜಿನ ಸೀಸೆ ಮುಂತಾದವು ಬದಲಾಗುವ ವೆಚ್ಚ. ಬೆಲೆಯು ಈ ಎರಡನೆಯದನ್ನು ಮೀರುವವರೆಗೆ ಉತ್ಪಾದನೆ ಮುಂದುವರಿಸುವುದೇ ತಯಾರಕನಿಗೆ ಲಾಭ. ಮಿಕ್ಕ ಹಣ ಸ್ಥಿರ ವೆಚ್ಚದ ಒಂದು ಪಾಲನ್ನಾದರೂ ತುಂಬುತ್ತದೆ. ಆಸ್ಪತ್ರೆಗಳ ಪರವಾಗಿ ಚೌಕಾಸಿ ಮಾಡುವ ಕೆಲವೇ ದೊಡ್ಡ ಖರೀದಿ ಸಂಘಗಳು ಬೆಲೆಯನ್ನು ಆ ಮಟ್ಟದ ಸಮೀಪಕ್ಕೇ ಇಳಿಸುತ್ತವೆ. ಆದರೆ ಯಂತ್ರಗಳು ಹಳತಾಗುತ್ತವೆ. ಒಟ್ಟು ವೆಚ್ಚವೇ ಹುಟ್ಟದಿದ್ದಾಗ ತಯಾರಕನು ನವೀಕರಣವನ್ನು ಮುಂದೂಡುತ್ತಾನೆ, ಇಲ್ಲವೇ ಆ ಔಷಧಿಯನ್ನೇ ಕೈಬಿಡುತ್ತಾನೆ. ಉಳಿಯುವವರು ಬೆರಳೆಣಿಕೆಯಷ್ಟು ಮಂದಿ.

2022ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತನಿಖಾಧಿಕಾರಿಗಳು ಗುಜರಾತಿನ ಒಂದು ಕಾರ್ಖಾನೆಯಲ್ಲಿ ಗಂಭೀರ ಲೋಪಗಳನ್ನು ಕಂಡರು. ಅಲ್ಲಿ ಉತ್ಪಾದನೆ ನಿಂತಿತು. ಅಮೆರಿಕದ ಸಿಸ್‌ಪ್ಲಾಟಿನ್‌ನಲ್ಲಿ ಸುಮಾರು ಅರ್ಧದಷ್ಟು ಅಲ್ಲಿಂದಲೇ ಬರುತ್ತಿತ್ತು. ಉಳಿದವರು ಉತ್ಪಾದನೆಯನ್ನು ಇಮ್ಮಡಿಗೊಳಿಸಬಾರದಿತ್ತೇ? ಒಂದೇ ಯಂತ್ರಸಾಲಿನಲ್ಲಿ ಹಲವು ಔಷಧಿಗಳನ್ನು ತುಂಬುವುದು ವಾಡಿಕೆ. ಸಾಲು ಭರ್ತಿಯಾದ ಮೇಲೆ ಇನ್ನೊಂದು ಸೀಸೆ ಸಿಸ್‌ಪ್ಲಾಟಿನ್ ಎಂದರೆ ಹೆಚ್ಚು ಲಾಭದ ಮತ್ತೊಂದು ಔಷಧಿಯ ಒಂದು ಸೀಸೆ ಕಡಿಮೆ. ಆ ಕೈತಪ್ಪಿದ ಲಾಭವೂ ವೆಚ್ಚವೇ. ಹೊಸ ಸಾಲಿನ ನಿರ್ಮಾಣಕ್ಕೂ ಅನುಮೋದನೆಗೂ ವರ್ಷಗಳು ಬೇಕು. ಅಷ್ಟರಲ್ಲಿ ಹಳೆಯ ಕಾರ್ಖಾನೆ ಮರಳಿ ತೆರೆದರೆ ಹೂಡಿದ ಬಂಡವಾಳ ಮುಳುಗೀತು. ಅವರ ಹಿಂಜರಿಕೆಯಲ್ಲಿ ಕ್ರೌರ್ಯವಿರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಕೊನೆಗೆ ಚೀನಾದಿಂದ ತಾತ್ಕಾಲಿಕ ಆಮದಿಗೆ ಸಮ್ಮತಿ ನೀಡಬೇಕಾಯಿತು. ಕೊರತೆ ನೀಗಿದ್ದು 2024ರ ಜೂನ್ ಹೊತ್ತಿಗೆ.

ಆದ್ದರಿಂದ ತಯಾರಕರನ್ನು ಬೈದು ಫಲವಿಲ್ಲ; ಲೆಕ್ಕದ ಅಂಕಿಗಳೇ ಬದಲಾಗಬೇಕು. ಬರಿದೆ ಬೆಲೆಯೇರಿಸಿದರೆ ಗುಣಮಟ್ಟ ತಾನಾಗಿ ಬಾರದು. ಖರೀದಿಯ ಪ್ರಮಾಣಕ್ಕೆ ಖಾತರಿ ಕೊಡುವ ದೀರ್ಘಾವಧಿ ಕರಾರು, ವಿಶ್ವಾಸಾರ್ಹ ತಯಾರಕನಿಗೆ ಹೆಚ್ಚಿನ ದರ, ಕಾಪು ದಾಸ್ತಾನು ಇವು ಬೇಕು. ರೋಗಿಗಳು ಬಾರದ ರಾತ್ರಿಯಲ್ಲೂ ತುರ್ತು ವಿಭಾಗದ ವೈದ್ಯನಿಗೆ ಸಂಬಳ ಕೊಡುತ್ತೇವೆ. ಅದನ್ನು ಯಾರೂ ದಂಡವೆನ್ನುವುದಿಲ್ಲ. ಔಷಧಿಯ ವಿಷಯದಲ್ಲಿ ಮಾತ್ರ ಆ ಸಂಬಳವನ್ನು ಉಳಿಸಹೊರಟೆವು. ಅದರ ಬೆಲೆ ತೆತ್ತವರು ರೋಗಿಗಳು.